ಮೊದಲ ಸರದಿ ಯಾರದು?

ಈದ್ ಕಳೆದು ಒಂದು ವಾರವಾಗಿರಬಹುದು, ಆಪಾ ಫೋನ್ ಮಾಡಿದರು. "ನೀನೊಮ್ಮೆ ಬಂದು ಹೋಗು. ದೊಡ್ಡವನು ಬೆಂಗಳೂರಿನಿಂದ ಏನೋ ಆಟ ತಂದಿದ್ದಾನೆ. ದಾಳವಂತೆ, ಮಾಂತ್ರಿಕನಂತೆ, ರಾಕ್ಷಸನಂತೆ. ಅಸರ್ ಕಳೆದರೆ ಮಗ್ರಿಬ್‌ವರೆಗೆ ನಾಲ್ವರೂ ಅದರ ಸುತ್ತಲೇ. ಜೂಜೇನಾದರೂ ಆಗಿದ್ದರೆ ಹೇಳು, ಒಲೆಗೆ ಹಾಕಿಬಿಡುತ್ತೇನೆ."

ಹೋಗಿ ನೋಡಿದೆ. ಚಾಪೆಯ ಮೇಲೆ ಹಣವಿರಲಿಲ್ಲ, ಪಣವೂ ಇರಲಿಲ್ಲ. ದೊಡ್ಡವನು ದಪ್ಪ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಕತೆ ಹೇಳುತ್ತಿದ್ದ. ಉಳಿದ ಮೂವರಲ್ಲಿ ಒಬ್ಬೊಬ್ಬರು ಆ ಕತೆಯ ಒಂದೊಂದು ಪಾತ್ರ. ಒಬ್ಬ ಕತ್ತಿವರಸೆಗಾರ, ಒಬ್ಬ ಬಿಲ್ಲುಗಾರ. ಹನ್ನೊಂದು ವರ್ಷದ ಕೊನೆಯ ಹುಡುಗಿ ಬೀಗ ತೆಗೆಯುವುದರಲ್ಲಿ ನಿಪುಣೆ. ಆದರೆ ಅವಳ ಬಾಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಎರಡನೆಯವನು "ನಾನು ಒಳಗೆ ನುಗ್ಗುತ್ತೇನೆ, ನಾನು ದೀಪ ಹಚ್ಚುತ್ತೇನೆ" ಎಂದು ಎಲ್ಲವನ್ನೂ ತಾನೇ ಮಾಡಿ ಮುಗಿಸಿರುತ್ತಿದ್ದ.

ಅಷ್ಟರಲ್ಲಿ ಕತೆಯೊಳಗೆ ಕಳ್ಳರು ಎದುರಾದರು. ದೊಡ್ಡವನು ಕೈಯೆತ್ತಿ "ಇನಿಶಿಯೇಟಿವ್!" ಎಂದ. ಪ್ರತಿಯೊಬ್ಬರೂ ಇಪ್ಪತ್ತು ಮುಖದ ದಾಳವೊಂದನ್ನು ಉರುಳಿಸಿ, ಬಂದ ಸಂಖ್ಯೆಗೆ ತಮ್ಮ ಪಾತ್ರದ ಚುರುಕುತನದ ಅಂಕವನ್ನು ಕೂಡಿಸಿ ಹೇಳಿದರು. ಅವನು ದೊಡ್ಡ ಸಂಖ್ಯೆಯಿಂದ ಚಿಕ್ಕದರವರೆಗೆ ಎಲ್ಲರ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದ, ಕಳ್ಳರದ್ದೂ ಸೇರಿಸಿ. ಕೋಣೆಯ ಗದ್ದಲ ಒಮ್ಮೆಲೇ ನಿಂತಿತು. ಇನ್ನು ಆ ಸಾಲಿನ ಪ್ರಕಾರವೇ ಮಾತು. ಎರಡನೆಯವನು ಎಷ್ಟೇ ಕುಣಿದರೂ ತನ್ನ ಹೆಸರು ಬರುವವರೆಗೆ ಕಾಯಲೇಬೇಕು. ಕೊನೆಯವಳ ಹೆಸರು ಬಂದಾಗ ಎಲ್ಲರೂ ಅವಳತ್ತ ತಿರುಗಿದರು.

ತರಗತಿಯಲ್ಲಿ ಪ್ರಶ್ನೆ ಕೇಳಿದಾಗ ಪ್ರತಿದಿನವೂ ಅದೇ ನಾಲ್ಕು ಕೈಗಳು ಮೇಲೇಳುವುದನ್ನು ವರ್ಷಗಳಿಂದ ಕಂಡಿರುವ ನನಗೆ, ಆಟಕ್ಕಿಂತ ಆ ನೋಟ್‌ಬುಕ್ಕಿನ ಸಾಲೇ ಹೆಚ್ಚು ಕುತೂಹಲ ಹುಟ್ಟಿಸಿತು. ಆ ರಾತ್ರಿ ಅಲ್ಲೇ ಉಳಿದು ಹುಡುಗನನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿದೆ. ಪುಸ್ತಕಗಳನ್ನೂ ತಿರುವಿ ಹಾಕಿದೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು 1974ರಲ್ಲಿ ಹೊರತಂದರು. ಇದಕ್ಕೂ ಮುಂಚೆ ಅಲ್ಲಿನ ಜನ ಪುಟ್ಟ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲಿಟ್ಟು ಯುದ್ಧದ ಆಟ ಆಡುತ್ತಿದ್ದರು. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಬರೆದ ಚೈನ್‌ಮೇಲ್ ಎಂಬುದು ಅಂಥದ್ದೊಂದು ಆಟದ ನಿಯಮಪುಸ್ತಕ. ಅದರ ಒಂದು ಕ್ರಮದಲ್ಲಿ ಎರಡೂ ಕಡೆಯವರು ದಾಳ ಹಾಕಬೇಕು. ಹೆಚ್ಚು ಬಂದವರು ಮೊದಲು ನಡೆಯಬೇಕೆಂದೇನಿಲ್ಲ, ಬೇಕಾದರೆ ಕೊನೆಗೂ ನಡೆಯಬಹುದು. ಇನ್ನೊಂದು ಕ್ರಮದಲ್ಲಿ ಇಬ್ಬರೂ ತಮ್ಮ ನಡೆಯನ್ನು ಮೊದಲೇ ಬರೆದಿಟ್ಟು, ಎರಡನ್ನೂ ಏಕಕಾಲಕ್ಕೆ ಜಾರಿಗೆ ತರುತ್ತಾರೆ. ನಿಜವಾದ ಕಾಳಗದಲ್ಲಿ ಎಲ್ಲವೂ ಒಟ್ಟಿಗೇ ನಡೆಯುತ್ತದೆಯಲ್ಲವೇ? ಆದರೆ ಐದು ಜನ ಒಟ್ಟಿಗೇ ಮಾತನಾಡಿದರೆ ಕೇಳುವವರಾರು? ಆ ತೊಡಕಿಗಾಗಿಯೇ ಇಷ್ಟೊಂದು ನಿಯಮಗಳು ಹುಟ್ಟಿಕೊಂಡಿವೆ.

1981ರ ಸರಳ ಆವೃತ್ತಿಯಲ್ಲಿ ಇಡೀ ತಂಡಕ್ಕೆ ಒಂದೇ ದಾಳ. ನಮ್ಮ ಕಡೆಗೆ ಹೆಚ್ಚು ಬಿದ್ದರೆ ನಾವೆಲ್ಲ ಮೊದಲು, ಇಲ್ಲದಿದ್ದರೆ ಎದುರಾಳಿಗಳು. ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕು. ಇದು ಬೇಗ ಮುಗಿಯುವ ವಿಧಾನ. ಆದರೆ ತಂಡದೊಳಗೆ ಯಾರು ಮೊದಲು ಎಂಬುದನ್ನು ಗಂಟಲು ದೊಡ್ಡದಿದ್ದವನೇ ತೀರ್ಮಾನಿಸುವ ಸಾಧ್ಯತೆ ಉಳಿದೇ ಇರುತ್ತದೆ. ಅದಕ್ಕೆ ಎರಡು ವರ್ಷ ಮುಂಚೆ ಬಂದ ದೊಡ್ಡ ಆವೃತ್ತಿಯಲ್ಲಿ ಒಂದು ನಿಮಿಷದ ಸುತ್ತನ್ನು ಹತ್ತು ತುಂಡು ಮಾಡಿ, ಯಾವ ಆಯುಧ ಎಷ್ಟು ನಿಧಾನ, ಯಾವ ಮಂತ್ರಕ್ಕೆ ಎಷ್ಟು ತುಂಡು ಸಮಯ ಎಂದೆಲ್ಲ ಲೆಕ್ಕ ಕೊಟ್ಟಿದ್ದಾರೆ. ಆ ಪುಟಗಳನ್ನು ಎರಡು ಬಾರಿ ಓದಿದೆ. ಫರಾಯಿಝ್‌ನ ಆಸ್ತಿ ಪಾಲಿನ ಲೆಕ್ಕ ಇದಕ್ಕಿಂತ ಸುಲಭ.

ಪ್ರತಿಯೊಬ್ಬರಿಗೂ ಪ್ರತ್ಯೇಕ ದಾಳ, ಕಾಳಗದ ಆರಂಭದಲ್ಲಿ ಒಮ್ಮೆ ಮಾತ್ರ, ಆಮೇಲೆ ಅದೇ ಸಾಲು ಸುತ್ತಿ ಸುತ್ತಿ ಬರುವುದು ಎಂಬ ಕ್ರಮ ಆ ಆಟದ ಮುಖ್ಯ ನಿಯಮವಾದದ್ದು 2000ದ ಮೂರನೇ ಆವೃತ್ತಿಯಲ್ಲಿ. ಆಪಾ ಮನೆಯಲ್ಲಿ ನಾನು ಕಂಡದ್ದು ಅದನ್ನೇ. 2014ರ ಆವೃತ್ತಿಯಲ್ಲಿ ಹೊಂಚಿಗೆ ಸಿಕ್ಕಿಬಿದ್ದವನಿಗೆ ತನ್ನ ಮೊದಲ ಸರದಿಯಲ್ಲಿ ಏನನ್ನೂ ಮಾಡುವಂತಿರಲಿಲ್ಲ. ಮಗುವೊಂದು ಅರ್ಧ ಗಂಟೆ ಕಾದು, "ನಿನಗೆ ಈ ಸಲ ಸರದಿಯಿಲ್ಲ" ಎನಿಸಿಕೊಂಡರೆ ಹೇಗಾಗಬೇಡ? 2024ರಲ್ಲಿ ಅದನ್ನು ಬದಲಿಸಿದರು. ಈಗ ಅಂಥವನು ಎರಡು ದಾಳ ಹಾಕಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳುತ್ತಾನೆ. ಸಾಲಿನಲ್ಲಿ ಹಿಂದೆ ಬೀಳಬಹುದು, ಆದರೆ ಸರದಿ ತಪ್ಪುವುದಿಲ್ಲ. ಅದೇ ಆವೃತ್ತಿಯಲ್ಲಿ ಒಂದು ವಿಶೇಷ ಗುಣವಿದೆ. ಅದನ್ನು ಪಡೆದವನು ದಾಳ ಹಾಕಿದ ಕೂಡಲೇ ತನ್ನ ಸ್ಥಾನವನ್ನು ಒಪ್ಪುವ ಜೊತೆಗಾರನೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು.

ಬೇರೆ ಆಟಗಳದ್ದು ಬೇರೆ ದಾರಿ. 1989ರಲ್ಲಿ ಬಂದ ಶ್ಯಾಡೋರನ್ ಎಂಬ ಆಟದಲ್ಲಿ ಚುರುಕಾದ ಪಾತ್ರಕ್ಕೆ ಒಂದೇ ಸುತ್ತಿನಲ್ಲಿ ಹಲವು ಸರದಿ ಸಿಗುತ್ತಿತ್ತು. ನಿಧಾನದವನ ಮೊದಲ ಸರದಿ ಬರುವುದರೊಳಗೆ ಅವನು ಎರಡು ಮೂರು ಸಲ ಹೊಡೆದು ಕಾಳಗವನ್ನೇ ಮುಗಿಸಿರುತ್ತಿದ್ದ. 1998ರ ಮೂರನೇ ಆವೃತ್ತಿಯಲ್ಲಿ ಇದನ್ನು ತಿದ್ದಿದರು. ಎಲ್ಲರಿಗೂ ಒಂದೊಂದು ಸರದಿ ಸಿಕ್ಕ ಮೇಲೆಯೇ ಚುರುಕಿನವನಿಗೆ ಎರಡನೆಯದು. ದಾವತ್‌ಗಳಲ್ಲಿ ಎಲ್ಲರ ತಟ್ಟೆಗೂ ಒಮ್ಮೆ ಬಡಿಸಿಯಾದ ಬಳಿಕ ಎರಡನೇ ಸಲ ಕೇಳುತ್ತಾರಲ್ಲ, ಹಾಗೆ. 2012ರ ಮಾರ್ವೆಲ್ ಹೀರೋಯಿಕ್ ಆಟದಲ್ಲಿ ಸರದಿ ಮುಗಿಸಿದವನೇ ಮುಂದಿನವರನ್ನು ಆರಿಸುತ್ತಾನೆ. ಅದೇ ವರ್ಷದ ಡಂಜನ್ ವರ್ಲ್ಡ್‌ನಲ್ಲಿ ಸಾಲೇ ಇಲ್ಲ, ಆಟ ನಡೆಸುವವನೇ ಎಲ್ಲರತ್ತ ಕಣ್ಣಿಟ್ಟು ಕೇಳುತ್ತಾ ಹೋಗಬೇಕು. ಒಳ್ಳೆಯ ಶಿಕ್ಷಕರ ಕೈಯಲ್ಲಿ ಇದು ಚೆನ್ನ. ಆದರೆ ನನ್ನಂತೆ ದಣಿದ ಶಿಕ್ಷಕಿಯ ಕೈಯಲ್ಲಿ ಮತ್ತೆ ಅದೇ ನಾಲ್ಕು ಕೈಗಳು.

ಸರದಿಯ ವಿಷಯ ನಮಗೆ ಹೊಸದೇನಲ್ಲ. ಸ್ವಾಲಿಹ್(ಅ)ರ ಒಂಟೆಗೆ ನೀರು ಕುಡಿಯಲು ಒಂದು ದಿನ, ಜನರಿಗೆ ಒಂದು ದಿನ ಎಂದು ಗೊತ್ತುಪಡಿಸಿದ್ದನ್ನೂ, ಸಮೂದ್ ಜನಾಂಗ ಆ ಒಂಟೆಯನ್ನೇ ಕೊಂದದ್ದನ್ನೂ ಕುರ್‌ಆನ್ ತಿಳಿಸುತ್ತದೆ. ಪ್ರವಾದಿವರ್ಯರ(ಸ) ಬಲಗಡೆ ಒಬ್ಬ ಹುಡುಗ, ಎಡಗಡೆ ಹಿರಿಯರು ಕುಳಿತಿದ್ದಾಗ, ಪಾನೀಯವನ್ನು ಮೊದಲು ಹಿರಿಯರಿಗೆ ಕೊಡಬಹುದೇ ಎಂದು ಅವರು ಆ ಹುಡುಗನ ಅನುಮತಿ ಕೇಳಿದರು. ಹುಡುಗ ತನ್ನ ಪಾಲನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಪಾತ್ರೆ ಅವನ ಕೈಗೇ ಬಂತು. ಈ ಹದೀಸನ್ನು ಬುಖಾರಿ ಮತ್ತು ಮುಸ್ಲಿಮ್ ಇಬ್ಬರೂ ವರದಿ ಮಾಡಿದ್ದಾರೆ. ನಮ್ಮ ಮನೆಗಳಲ್ಲಿ ಎಷ್ಟು ಸಲ ಮಕ್ಕಳನ್ನು ಹೀಗೆ ಕೇಳಿದ್ದೇವೆ? ಪ್ರವಾದಿವರ್ಯರು(ಸ) ಪ್ರಯಾಣ ಹೊರಡುವಾಗ ಯಾವ ಪತ್ನಿ ಜೊತೆಗೆ ಬರಬೇಕೆಂದು ಚೀಟಿ ಎತ್ತುವ ಕ್ರಮದಿಂದ ನಿರ್ಧರಿಸುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಹಕ್ಕು ಎಲ್ಲರಿಗೂ ಸಮಾನವಾಗಿದ್ದಾಗ ಮನಸ್ತಾಪವಿಲ್ಲದೆ ಒಬ್ಬರನ್ನು ಆರಿಸಲು ಅದೊಂದು ದಾರಿ.

ಆದರೆ ದಾಳದ ಪ್ರಶ್ನೆ ಹಾಗೆ ತೇಲಿಸಿಬಿಡುವಂಥದ್ದಲ್ಲ. ನರ್ದ್ ಎಂಬ ದಾಳದ ಆಟವನ್ನು ಕಠಿಣವಾಗಿ ಖಂಡಿಸುವ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಪಣವಿಲ್ಲದಿದ್ದರೂ ಅದು ನಿಷಿದ್ಧ ಎಂಬುದು ಹೆಚ್ಚಿನ ಉಲಮಾಗಳ ನಿಲುವು. ಜೂಜಿಗೆ ಮಾತ್ರ ಅನ್ವಯಿಸುವವರೂ ಇದ್ದಾರೆ. ಇದರಲ್ಲಿ ತೀರ್ಪು ಕೊಡುವಷ್ಟು ದೊಡ್ಡವಳು ನಾನಲ್ಲ. ಇದನ್ನೆಲ್ಲ ಆಪಾಗೂ ಹುಡುಗನಿಗೂ ಮುಚ್ಚಿಡದೆ ಹೇಳಿದೆ. ಆಟದ ಕೆಲವು ಪಾತ್ರಗಳು ಕಾಲ್ಪನಿಕ ದೇವತೆಗಳನ್ನು ಪೂಜಿಸುವಂಥವು. ಅವನ್ನು ಕೈಬಿಡು ಎಂದಾಗ ಅವನು, "ಮೊದಲೇ ಬಿಟ್ಟಿದ್ದೇನೆ ಖಾಲಾ" ಎಂದ. 1980ರ ದಶಕದಲ್ಲಿ ಅಮೆರಿಕದ ಎಷ್ಟೋ ಕ್ರೈಸ್ತ ತಂದೆತಾಯಂದಿರೂ ಇದೇ ಆಟ ಮಕ್ಕಳನ್ನು ಮಾಟಮಂತ್ರಕ್ಕೆ ಎಳೆಯುತ್ತದೆಂದು ಹೆದರಿದ್ದರು. ಅದನ್ನು ಕೇಳಿ ಆಪಾಗೆ ಒಂದಿಷ್ಟು ಸಮಾಧಾನವಾಯಿತೆಂದು ಕಾಣುತ್ತದೆ.

ಕೊನೆಗೆ ಆಪಾ ಷರತ್ತು ಹಾಕಿದರು. ಮೌಲವಿ ಸಾಹೇಬರನ್ನು ಕೇಳುವವರೆಗೆ ದಾಳಗಳು ಕಪಾಟಿನೊಳಗೆ. ಹುಡುಗ ಪುಸ್ತಕ ತಿರುವಿ ಒಂದು ಪರ್ಯಾಯ ಹುಡುಕಿದ. 2014ರ ಆವೃತ್ತಿಯಲ್ಲಿ ಆಟ ನಡೆಸುವವರಿಗಾಗಿ ಇರುವ ಕೈಪಿಡಿಯಲ್ಲೇ ದಾಳವಿಲ್ಲದ ಸರದಿಯ ನಿಯಮವೊಂದಿದೆ. ಹತ್ತಕ್ಕೆ ಚುರುಕುತನದ ಅಂಕ ಕೂಡಿಸಿ ಸಾಲು ಮಾಡುವುದು, ಅಷ್ಟೇ. ಹಾಗೆ ಮಾಡಿದರೆ ಪ್ರತಿ ಕಾಳಗದಲ್ಲೂ ಬಹುತೇಕ ಅದೇ ಸಾಲು ಬರುತ್ತದೆ, ನಿಧಾನದ ಪಾತ್ರ ಯಾವಾಗಲೂ ಕೊನೆಗೇ ಎಂಬ ತಕರಾರು ಕತ್ತಿವರಸೆಯವನಿಂದ ತಕ್ಷಣ ಬಂತು. ಹಾಗಾದರೆ ಸರದಿಗೆ ಹೆಸರಿನ ಚೀಟಿ ಎತ್ತೋಣ, ಹೊಡೆತ ತಗುಲಿತೋ ಇಲ್ಲವೋ ಎಂಬುದಕ್ಕೆ ಒಂದರಿಂದ ಇಪ್ಪತ್ತರವರೆಗಿನ ಚೀಟಿಗಳು ಎಂದಾಯಿತು. "ಇದು ದಾಳದ್ದೇ ತಮ್ಮನಲ್ಲವೇ?" ಎಂದು ಆಪಾ ಕೇಳಿದರು. ಸರದಿಯ ಚೀಟಿಯ ಬಗ್ಗೆ ನನಗೆ ಅಳುಕಿರಲಿಲ್ಲ. ಎರಡನೆಯದನ್ನೂ ಮೌಲವಿ ಸಾಹೇಬರ ಪಟ್ಟಿಗೆ ಸೇರಿಸಿ, ಅಲ್ಲಿಯವರೆಗೆ ಹೊಡೆತಗಳನ್ನು ದೊಡ್ಡವನೇ ತೀರ್ಮಾನಿಸಲಿ ಎಂದು ಬಿಟ್ಟೆವು.

ಮರುದಿನ ಹೊರಡುವ ಮುನ್ನ ಒಂದು ಕಾಳಗ ನೋಡಿದೆ. ಬಿಸ್ಕತ್ತಿನ ಡಬ್ಬಿಯಿಂದ ಮೊದಲು ಬಂದದ್ದು ಕೊನೆಯ ಹುಡುಗಿಯ ಹೆಸರು. ಅವಳು ಬಹಳ ಹೊತ್ತು ಯೋಚಿಸಿದಳು. ಎರಡನೆಯವನು "ಅವಳು ಬಾಣ..." ಎಂದು ಬಾಯಿ ತೆರೆದ. ದೊಡ್ಡವನು ಏನೂ ಹೇಳದೆ ನೋಟ್‌ಬುಕ್ಕಿನಲ್ಲಿದ್ದ ತಂಗಿಯ ಹೆಸರಿನ ಮೇಲೆ ಬೆರಳಿಟ್ಟ.

"ನಾನು ಯಾರನ್ನೂ ಹೊಡೆಯುವುದಿಲ್ಲ" ಎಂದಳು ಹುಡುಗಿ. "ಕಳ್ಳರು ಒಳಗಿದ್ದಾರಲ್ಲ, ಹೊರಗಿನಿಂದ ಬಾಗಿಲಿಗೆ ಬೀಗ ಹಾಕುತ್ತೇನೆ."