ಮಾತು ಬಾರದ ಕೂಸಿನ ನೋವು ಸಿಸ್ಟರ್‌ಗೆ ಹೇಗೆ ಗೊತ್ತಾಗುತ್ತೆ?

ಲೋಕಿಕೆರೆ ಕಡೆ ಮಗುವಿಗೆ ಕಾಯಿಲೆ ಜೋರಾದ್ರೆ ದಾವಣಗೆರೆಗೇ ಓಡಬೇಕು. ಚಿಗಟೇರಿ ಆಸ್ಪತ್ರೆ, ಇಲ್ಲಾಂದ್ರೆ ಬಾಪೂಜಿ ಮಕ್ಕಳ ಆಸ್ಪತ್ರೆ. ಡಾಕ್ಟರು ರೌಂಡ್ಸ್ ಮುಗಿಸಿ ಹೋಗ್ತಾರೆ. ರಾತ್ರಿಯಿಡೀ ಮಂಚದ ಹತ್ತಿರ ಓಡಾಡೋರು ಸಿಸ್ಟರ್.

ಒಂದು ವರ್ಷದ ಕೂಸಿಗೆ ಎಲ್ಲಿ ನೋವು ಅಂತ ಹೇಳೋಕೆ ಬರಲ್ಲ. ಅದಕ್ಕೆ ನರ್ಸ್‌ಗಳ ಹತ್ರ ‘ಫ್ಲ್ಯಾಕ್’ ಅನ್ನೋ ಅಳತೆ ಇದೆ. ಮುಖ, ಕಾಲು, ಮೈಯ ಚಲನೆ, ಅಳು, ಎತ್ತಿಕೊಂಡ್ರೆ ಸಮಾಧಾನ ಆಗುತ್ತಾ ಅನ್ನೋದು. ಒಂದೊಂದಕ್ಕೂ 0ಯಿಂದ 2 ಅಂಕ, ಒಟ್ಟು 10. ಹುಬ್ಬು ಗಂಟಾಗಿದೆಯಾ? ಕಾಲು ಹೊಟ್ಟೆಗೆ ಎಳ್ಕೊಂಡಿದೆಯಾ? ಸುಮ್ಮನೆ ಮಲಗಿದೆ ಅಂದ್ರೆ ನೋವಿಲ್ಲ ಅಂತಲ್ಲ. ಅಳೋಕೂ ತ್ರಾಣ ಇಲ್ಲದಿರಬಹುದು.

ಸೂಜಿ ಹಾಕುವಾಗ ಅಂಗಾತ ಮಲಗಿಸಿ ಒತ್ತಿ ಹಿಡಿಯೋದು ಹಳೇ ರೂಢಿ. ತಾಯಿ ತೊಡೆ ಮೇಲೆ ಕೂರಿಸಿ, ಅಪ್ಪಿ ಹಿಡಿಸಿದ್ರೆ ಮಗುವಿನ ಭಯ ಕಡಿಮೆ. ತಾಯೀನ ಹೊರಗೆ ಕಳಿಸೋದು ನನಗಂತೂ ಸರಿ ಕಾಣಲ್ಲ. ತುರ್ತು ಹೊತ್ತಿನ ಮಾತು ಬೇರೆ, ಬಿಡಿ. ಹಸುಗೂಸಾದ್ರೆ ಚುಚ್ಚೋಕೆ ಎರಡು ನಿಮಿಷ ಮುಂಚೆ ನಾಲಿಗೆಗೆ ಸಕ್ಕರೆ ದ್ರಾವಣದ ಹನಿ ಹಾಕ್ತಾರೆ. ನೀವಾಗಿ ಹಾಕಬೇಡಿ.

ವಾಸಿಯಾಗದ ಕಾಯಿಲೆಯಲ್ಲೂ ನೋವಿಗೆ ಔಷಧಿ ಇದೆ. ಡಾಕ್ಟರು ಬರೆದ ಪ್ರಮಾಣದಲ್ಲಿ ಮಕ್ಕಳಿಗೂ ಮಾರ್ಫಿನ್ ಕೊಡಬಹುದು; 2014ರ ಕಾನೂನು ತಿದ್ದುಪಡಿ ಆಸ್ಪತ್ರೆಗಳಿಗೆ ಅದರ ಲೈಸೆನ್ಸ್ ಗೋಜಲು ತಗ್ಗಿಸಿತು. ಮುಂದಿನ ಡೋಸ್ ಎಷ್ಟೊತ್ತಿಗೆ ಅಂತ ಸಿಸ್ಟರ್‌ನ ಕೇಳಿ, ಸಂಕೋಚ ಬೇಡ.