ಮರ ಕೊಯ್ಯುವ ಮಿಷನ್ನಿನ ಬಾರ್ ಮತ್ತು ಚೈನು: ಲೆಕ್ಕ ಇಡುವುದು ಹೇಗೆ?



ಕೊಲ್ಲೂರು ರಸ್ತೆಯ ಬದಿಯ ಒಂದು ಊರಿನಲ್ಲಿ ಸಂಘದ ಸಭೆಗೆ ಹೋಗಿದ್ದೆ. ಎಲ್ಲರ ಉಳಿತಾಯ, ಕಂತು ಜಮಾ ಆಯಿತು. ಒಬ್ಬ ಸದಸ್ಯೆ ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಗಂಡನಿಗೆ ಮರ ಕೊಯ್ಯುವ ಮಿಷನ್ ತೆಗೆದುಕೊಡಲು ಸಂಘದಿಂದ ಸಾಲ ಪಡೆದವರು ಅವರು. ಎರಡು ಕಂತು ಬಾಕಿ ಇತ್ತು. "ಮಿಷನ್ ಸಮಾ ಇತ್ತ್ ಸಿಸ್ಟರ್. ಕೆಲ್ಸಕ್ಕೂ ಕರೀತ್ರ್. ತಂದ ಚೈನೇ ಕೂಕಂತಿಲ್ಲ, ಎಂತ ಮಾಡುದ್?" ಎಂದರು.

ಸಭೆ ಮುಗಿದ ಮೇಲೆ ನಾವು ನಾಲ್ಕು ಜನ ಅವರ ಮನೆಗೆ ಹೋದೆವು. ಜಗಲಿಯ ಮೂಲೆಯಲ್ಲಿದ್ದ ಗೋಣಿಚೀಲ ಕೊಡವಿದಾಗ ಏಳು ಚೈನು, ಮೂರು ಬಾರ್ ಬಿದ್ದವು. ಒಂದೊಂದಾಗಿ ಜೋಡಿಸಿ ನೋಡಿದೆವು. ಆ ಮಿಷನ್ನಿಗೆ ಆಗುವ ಬಾರ್ ಒಂದೇ. ಆ ಬಾರಿಗೆ ಸರಿಯಾದ ಚೈನು ಎರಡು, ಅದರಲ್ಲೂ ಒಂದರ ಹಲ್ಲು ಸವೆದು ಮುಗಿದಿತ್ತು. ಉಳಿದ ಐದು ಚೈನಿಗೆ ಕೊಟ್ಟ ಹಣ ಗೋಣಿಯೊಳಗೆ ತುಕ್ಕು ಹಿಡಿಯುತ್ತಿತ್ತು.

ಬೈಂದೂರು ಕಡೆ ಈಗ ಈ ಮಿಷನ್ ಇರುವ ಮನೆಗಳು ಬಹಳ. ಘಟ್ಟದ ಬುಡದಲ್ಲಿ ಹಳೆ ರಬ್ಬರ್ ಕಡಿದು ಹೊಸತು ನೆಡುತ್ತಾರೆ. ಅಕೇಶಿಯ, ಗೇರು, ಬಿದ್ದ ತೆಂಗು, ಯಾವುದಕ್ಕೂ ಮಿಷನ್ ಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಗೆ ತಟ್ಟಿದಾಗ ಮಿಷನ್ ಇದ್ದವರಿಗಾಗಿ ಜನ ಹುಡುಕಾಡಿದ್ದು ನೆನಪಿರಬಹುದು. ಮಿಷನ್ ಹಿಡಿಯುವವರು ಹೆಚ್ಚಾಗಿ ಗಂಡಸರು. ಆದರೆ ಸಾಲದ ಪುಸ್ತಕದಲ್ಲಿರುವುದು ನಮ್ಮ ಹೆಸರು. ಹಾಗಾಗಿ ಇದರ ಲೆಕ್ಕವೂ ನಮಗೆ ತಿಳಿದಿರಬೇಕು.

ಬಳೆಗೆ ಅಳತೆ ಇದ್ದ ಹಾಗೆ

ಬಳೆ ಅಂಗಡಿಗೆ ಹೋದರೆ ನಾವು "ಬಳೆ ಕೊಡಿ" ಅಂತ ಮಾತ್ರ ಹೇಳುತ್ತೇವೆಯೇ? 2-4, 2-6, 2-8 ಎಂದು ಅಳತೆ ಹೇಳುತ್ತೇವೆ. ಚೈನಿಗೂ ಹಾಗೆಯೇ ಅಳತೆ ಉಂಟು. ನಮ್ಮಲ್ಲಿ ಹೆಚ್ಚಿನವರು "18 ಇಂಚಿನ ಚೈನು ಕೊಡಿ" ಎಂದು ತರುತ್ತಾರೆ. ತಪ್ಪುವುದು ಅಲ್ಲೇ. ಇಂಚು ಹೇಳುವುದು ಬಾರಿನ ಉದ್ದವನ್ನು ಮಾತ್ರ. ಸರಿಯಾದ ಚೈನು ಬರಬೇಕಾದರೆ ಐದು ಸಂಗತಿ ಗೊತ್ತಿರಬೇಕು.

1. ಪಿಚ್: ಚೈನಿನ ಕೊಂಡಿಗಳ ನಡುವಿನ ಅಂತರ. ಸಣ್ಣ ಮತ್ತು ಮಧ್ಯಮ ಮಿಷನ್ನುಗಳಲ್ಲಿ ಹೆಚ್ಚಾಗಿ ಬರುವುದು ಎರಡು: .325 ಇಂಚು ಮತ್ತು 3/8 ಇಂಚು. 3/8ರಲ್ಲಿ ಸಣ್ಣ ಮಿಷನ್ನಿನ ತಗ್ಗು ಹಲ್ಲಿನದ್ದು ಬೇರೆ, ದೊಡ್ಡ ಮಿಷನ್ನಿನದ್ದು ಬೇರೆ. ಕಣ್ಣಿಗೆ ಎಲ್ಲ ಒಂದೇ ಹಾಗೆ ಕಾಣುತ್ತದೆ. ಅಳೆಯಲು ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲು ಸಾಕು. ಸಾಲಾಗಿ ಇರುವ ಮೂರು ರಿವೆಟ್ ತೆಗೆದುಕೊಳ್ಳಿ. ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆಯಿರಿ. ಹದಿನಾರೂವರೆ ಮಿಲಿಮೀಟರ್ ಬಂದರೆ .325, ಹೆಚ್ಚು ಕಡಿಮೆ ಹತ್ತೊಂಬತ್ತು ಬಂದರೆ 3/8. ಈ ಅಳತೆಯ ಅರ್ಧವೇ ಪಿಚ್.

2. ಗೇಜ್: ಬಾರಿನ ಸೀಳಿನೊಳಗೆ ಇಳಿಯುವ ಕೊಂಡಿಯ ದಪ್ಪ. .050, .058, .063 ಇಂಚು, ಅಂದರೆ 1.3, 1.5, 1.6 ಮಿಲಿಮೀಟರ್. ತೀರ ಸಣ್ಣ ಮಿಷನ್ನಿಗೆ .043 ಕೂಡ ಉಂಟು. ಇದನ್ನು ಸ್ಕೇಲಿನಲ್ಲಿ ಅಳೆಯಲು ಆಗುವುದಿಲ್ಲ. ಬಾರಿನ ಹಿಂಬದಿಯಲ್ಲಿ ಅಚ್ಚು ಹಾಕಿರುತ್ತಾರೆ, ಎಣ್ಣೆ ಕೊಳೆ ಒರೆಸಿ ಓದಿ. ಕೊಂಡಿಯ ಮೇಲೂ ಸಣ್ಣ ಗುರುತು ಇರುತ್ತದೆ. ಉದಾಹರಣೆಗೆ ಓರೆಗಾನ್ ಕಂಪೆನಿಯ ಚೈನಿನ ಕೊಂಡಿಯಲ್ಲಿ 20 ಎಂದಿದ್ದರೆ .325 ಪಿಚ್, .050 ಗೇಜ್. 21 ಎಂದರೆ ಅದೇ ಪಿಚ್, .058 ಗೇಜ್. 22 ಎಂದರೆ .063 ಗೇಜ್. ಬೇರೆ ಕಂಪೆನಿಯ ಗುರುತು ಬೇರೆ.

3. ಕೊಂಡಿಯ ಎಣಿಕೆ: ಒಳಬದಿಗೆ ಹಕ್ಕಿಯ ಕೊಕ್ಕಿನ ಹಾಗೆ ಇಳಿದಿರುವ ಕೊಂಡಿಗೆ ಡ್ರೈವ್ ಲಿಂಕ್ ಎನ್ನುತ್ತಾರೆ. ಅದನ್ನು ಒಂದೊಂದಾಗಿ ಎಣಿಸಿ. 18 ಇಂಚಿನದ್ದೇ ಬಾರ್ ಆದರೂ ಒಂದು ಕಂಪೆನಿಯ ಮಿಷನ್ನಿಗೆ 68 ಕೊಂಡಿ, ಇನ್ನೊಂದಕ್ಕೆ 72 ಕೊಂಡಿ ಬೇಕಾಗುತ್ತದೆ. ಎಷ್ಟೋ ಅಂಗಡಿಯಲ್ಲಿ 100 ಅಡಿಯ ದೊಡ್ಡ ಸುರುಳಿಯಿಂದ ಚೈನು ಕತ್ತರಿಸಿ ರಿವೆಟ್ ಹೊಡೆದು ಕೊಡುತ್ತಾರೆ. ಅವರಿಗೆ ಬೇಕಾದದ್ದು ಎಣಿಕೆ, ಇಂಚಲ್ಲ.

4. ಬಾರಿನ ಹಿಂಬದಿ: ಬಾರ್ ಮಿಷನ್ನಿಗೆ ಕೂರುವ ಕಡೆ ಇರುವ ಉದ್ದ ಸೀಳು, ಎಣ್ಣೆ ತೂತು ಎಲ್ಲ ಮಿಷನ್ನಿಗೂ ಒಂದೇ ರೀತಿ ಇಲ್ಲ. ಉದ್ದ ಸರಿ ಇದ್ದರೂ ಇದು ಹೊಂದದಿದ್ದರೆ ಬಾರ್ ಕೂರುವುದಿಲ್ಲ. ಕೂತರೂ ಎಣ್ಣೆ ಬಾರದೆ ಬಾರ್ ಸುಟ್ಟು ಹೋಗಬಹುದು. ಮಿಷನ್ನಿನ ಕಂಪೆನಿ, ಮಾಡೆಲ್ ಬರೆದಿಡಿ.

5. ಅರದ ಅಳತೆ: ಹಲ್ಲು ಹರಿತ ಮಾಡುವ ದುಂಡು ಅರ, ಅಂದರೆ ಫೈಲು. ತಗ್ಗು ಹಲ್ಲಿನ 3/8 ಚೈನಿಗೆ 4.0 ಮಿಲಿಮೀಟರಿನದ್ದು, .325 ಚೈನಿಗೆ 4.8ರದ್ದು. ದೊಡ್ಡ 3/8ಕ್ಕೆ 5.2 ಅಥವಾ 5.5, ಅದನ್ನು ಚೈನಿನ ಪ್ಯಾಕೆಟ್ ನೋಡಿ ತೆಗೆದುಕೊಳ್ಳಿ. ತಪ್ಪು ಅರದಲ್ಲಿ ತಿಕ್ಕಿದರೆ ಹೊಸ ಚೈನೂ ಹಾಳು.

ತಪ್ಪು ಜೋಡಿ ಹಾಕಿದರೆ ಏನು?

"ಸ್ವಲ್ಪ ಹೊಡೆದು ಕೂರಿಸಿದರೆ ಆಗ್ತದೆ" ಎನ್ನುವವರು ಇದ್ದಾರೆ. ದಯವಿಟ್ಟು ಬೇಡ. ಮಿಷನ್ನಿನ ಒಳಗೆ ಚೈನನ್ನು ಎಳೆಯುವ ಹಲ್ಲುಚಕ್ರ ಇದೆ, ಸೈಕಲ್ಲಿನದ್ದರ ಹಾಗೆ. ಚಕ್ರದ ಪಿಚ್ ಒಂದು, ಚೈನಿನ ಪಿಚ್ ಇನ್ನೊಂದು ಆದರೆ ಕೊಂಡಿ ಹಲ್ಲಿನ ಮೇಲೆ ಹತ್ತುತ್ತದೆ, ಚೈನು ಹಾರುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ದಪ್ಪ ಸೀಳಿಗೆ ತೆಳು ಚೈನು ಹಾಕಿದರೆ ಅದು ವಾಲುತ್ತದೆ, ಮರ ಓರೆಯಾಗಿ ಕೊಯ್ಯುತ್ತದೆ. ಓಡುವ ಚೈನು ಹಾರಿದರೆ ಸಿಗುವುದು ಕೈ ಅಥವಾ ಕಾಲು. ಒಂದು ಚೈನಿನ ಹಣ ಉಳಿಸಲು ಹೋಗಿ ಮನೆಯ ದುಡಿಯುವವರು ತಿಂಗಳುಗಟ್ಟಲೆ ಮಲಗಿದರೆ ಆ ಲೆಕ್ಕ ಯಾವ ಪುಸ್ತಕದಲ್ಲಿ ಬರೆಯುವುದು?

ಮೊಂಡ ಚೈನೂ ಅಪಾಯವೇ. ಮೆಟ್ಟುಕತ್ತಿ ಮೊಂಡಾದಾಗ ನಾವು ಮೀನನ್ನು ಒತ್ತುತ್ತೇವೆ, ಆಗಲೇ ಕೈ ಕೊಯ್ಯುವುದು. ಮಿಷನ್ನೂ ಹಾಗೆ. ಒತ್ತಿ ಕೊಯ್ಯುವಾಗ ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ ಥಟ್ಟನೆ ಹಿಂದಕ್ಕೆ, ಮುಖದ ಕಡೆ ಚಿಮ್ಮುತ್ತದೆ.

ಗೇರು ಮರದ ಕಾಂಡ ಕೊರೆಯುವ ಹುಳು ನಮಗೆಲ್ಲ ಗೊತ್ತು. ಅಂಥದ್ದೇ ಒಂದು ಹುಳುವನ್ನು ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಮರದ ಕೆಲಸ ಮಾಡುತ್ತಿದ್ದ ಜೋಸೆಫ್ ಕಾಕ್ಸ್ ಎಂಬವರು 1946ರಲ್ಲಿ ಗಮನಿಸಿದರು. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಯಾಡಿಸಿ ಮರ ಕೊರೆಯುತ್ತಿತ್ತು. ಅದನ್ನೇ ನೋಡಿ ಅವರು ಚೈನಿನ ಹಲ್ಲು ಮಾಡಿದರು, 1947ರಲ್ಲಿ ತಯಾರಿಕೆ ಶುರುವಾಯಿತು. ಇಂದಿನ ಚೈನಿನಲ್ಲಿ ಒಂದು ಎಡ ಹಲ್ಲು, ಒಂದು ಬಲ ಹಲ್ಲು ಇರುವುದು ಅದಕ್ಕೇ. ಆದ್ದರಿಂದ ಅರ ಹಾಕುವಾಗ ಎರಡೂ ಬದಿಗೆ ಸಮ ಲೆಕ್ಕ ಬೇಕು. ಎಡಕ್ಕೆ ಮೂರು ಎಳೆತವಾದರೆ ಬಲಕ್ಕೂ ಮೂರು. ಹಲ್ಲಿನ ಮುಂದಿರುವ ಗಿಡ್ಡ ಗುಬುಟು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಅದನ್ನು ತೀರ ತಗ್ಗಿಸಿದರೆ ಚೈನು ಮರವನ್ನು ಕಚ್ಚಿ ಎಳೆದು ಚಿಮ್ಮುತ್ತದೆ.

ಒಂದೇ ಅಳತೆಗೆ ಬರುವುದು ಹೇಗೆ?

ಸಂಘದಲ್ಲಿ ನಾಲ್ಕು ಮನೆಗೆ ಮಿಷನ್ ಇದೆ, ನಾಲ್ಕಕ್ಕೂ ಬೇರೆ ಬೇರೆ ಚೈನು ಎಂದುಕೊಳ್ಳಿ. ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಒಟ್ಟಿಗೆ ತರಿಸುವ ಹಾಗೂ ಇಲ್ಲ. ಅರ ಕೂಡ ಬೇರೆ. ಹಾಗಂತ ಇದ್ದದ್ದನ್ನೆಲ್ಲ ಎಸೆದು ಹೊಸತು ತರುವುದು ಬೇಡ. ನಿಧಾನವಾಗಿ ಬದಲಿಸಿ.

ಮೊದಲು ಪ್ರತಿ ಮನೆಯ ಐದು ಸಂಗತಿ ಬರೆದುಕೊಳ್ಳಿ. ಹೆಚ್ಚು ಮನೆಯಲ್ಲಿ ಇರುವ ಮತ್ತು ಹತ್ತಿರದ ಅಂಗಡಿಯಲ್ಲಿ ವರ್ಷಪೂರ್ತಿ ಸಿಗುವ ಒಂದು ಅಳತೆ ನೋಡಿ. ಯಾರ ಬಾರ್ ಸವೆಯುತ್ತದೋ ಅವರು ಹೊಸ ಬಾರ್ ತೆಗೆಯುವಾಗ, ಅವರ ಮಿಷನ್ನಿಗೆ ಹೊಂದುವುದಾದರೆ, ಆ ಅಳತೆಗೆ ಬರಲಿ. ಪಿಚ್ ಬದಲಾಗುವುದಾದರೆ ಹಲ್ಲುಚಕ್ರವೂ ಬದಲಾಗಬೇಕು, ತುದಿಯಲ್ಲಿ ಚಕ್ರ ಇರುವ ಬಾರಾದರೆ ಬಾರೂ ಅದೇ ಪಿಚ್ಚಿನದ್ದಾಗಬೇಕು. ಗೇಜ್ ಮಾತ್ರ ಬದಲಾದರೆ ಬಾರ್ ಮತ್ತು ಚೈನು ಸಾಕು. ಹೊಸ ಮಿಷನ್ನಿಗೆ ಸಾಲ ಕೇಳಿದವರಿಗೆ ಈ ಅಳತೆಯನ್ನು ಮೊದಲೇ ತಿಳಿಸಿ.

ತಿಳಿದವರು ಒಂದು ಲೆಕ್ಕ ಹೇಳುತ್ತಾರೆ: ನಾಲ್ಕು ಚೈನು, ಎರಡು ಹಲ್ಲುಚಕ್ರ, ಒಂದು ಬಾರ್. ಅಂದರೆ ಒಂದು ಬಾರ್ ಸವೆಯುವಷ್ಟರಲ್ಲಿ ನಾಲ್ಕು ಚೈನು, ಎರಡು ಚಕ್ರ ಮುಗಿಯುತ್ತದೆ. ಸವೆದ ಚಕ್ರಕ್ಕೆ ಹೊಸ ಚೈನು ಹಾಕಿದರೆ ಚೈನು ಬೇಗ ಹಾಳಾಗುತ್ತದೆ. ಎರಡು ಚೈನನ್ನು ಸರದಿಯಲ್ಲಿ ಹಾಕಿದರೆ ಚಕ್ರದ ಜೊತೆ ಎರಡೂ ಸಮವಾಗಿ ಸವೆಯುತ್ತದೆ.

ಮನೆಯಲ್ಲಿ ಜೋಡಿಸಿ ಇಡುವ ಕ್ರಮ

• ಗೋಣಿಚೀಲ ಬೇಡ. ಮಳೆ ನೀರು ತಾಗದ ಗೋಡೆಗೆ ಒಂದು ಹಲಗೆ ಹೊಡೆದು, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಮೊಳೆ ಹಾಕಿ. ಒಂದು ಬಾರ್, ಅದರ ಪಕ್ಕದಲ್ಲೇ ಅದರ ಚೈನು.

• ತಗಡಿನ ಚೂರಿನ ಮೇಲೆ ಪಿಚ್, ಗೇಜ್, ಎಣಿಕೆ ಗೀಚಿ ತಂತಿಯಲ್ಲಿ ಚೈನಿಗೆ ಕಟ್ಟಿ. ಬಾರಿಗೂ ಆ ಮೊಳೆಗೂ ಒಂದೇ ಬಣ್ಣದ ಪೈಂಟ್ ಹಚ್ಚಿ. ಓದಲು ಬಾರದವರಿಗೂ ತಿಳಿಯುತ್ತದೆ.

• ಹರಿತ ಮಾಡಿದ್ದು ಬಲಗಡೆ, ಮೊಂಡಾದದ್ದು ಎಡಗಡೆ. ಬೆಳಿಗ್ಗೆ ಹುಡುಕಾಟ ಇರುವುದಿಲ್ಲ.

• ತೆಂಗಿಗೆ ಬೇರೆ ಚೈನು ಇಡಿ. ತೆಂಗಿನ ಕಾಂಡದಲ್ಲಿ ಮರಳಿನ ಜಾತಿಯ ಸಿಲಿಕ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ಮರವಂತೆಯಂಥ ಕಡಲ ಬದಿಯಲ್ಲಿ ಬುಡದ ಹೊಯ್ಗೆ, ಮೇಲಿನ ಊರುಗಳಲ್ಲಿ ಕೆಂಪುಕಲ್ಲು ತಾಗಿದರೂ ಅಷ್ಟೇ. ಹಳೆ ಚೈನನ್ನು ಇಂಥ ಕೆಲಸಕ್ಕೆ ಗುರುತು ಮಾಡಿ ಇಟ್ಟುಕೊಳ್ಳಿ.

• ಕೆಲಸ ಮುಗಿದ ಕೂಡಲೇ ಚೈನು ಸಡಿಲ ಮಾಡಿ. ಬಿಸಿಗೆ ಹಿಗ್ಗಿದ ಚೈನು ತಣಿದಾಗ ಕುಗ್ಗಿ ಬಾರನ್ನು ಬಿಗಿಯುತ್ತದೆ. ಸೀಳಿನ ಕೊಳೆ, ಎಣ್ಣೆ ತೂತು ಸ್ವಚ್ಛ ಮಾಡಿ. ಅರ ಹಾಕಿದಾಗಲೆಲ್ಲ ಬಾರನ್ನು ಮಗುಚಿ ಹಾಕಿ, ಎರಡೂ ಅಂಚು ಸಮವಾಗಿ ಸವೆಯುತ್ತದೆ.

• ಮಳೆಗಾಲದಲ್ಲಿ ಚೈನನ್ನು ಬ್ರಷ್ಷಿನಲ್ಲಿ ಉಜ್ಜಿ, ಸ್ವಲ್ಪ ಬಾರ್ ಎಣ್ಣೆ ಹಾಕಿದ ಮುಚ್ಚಳದ ಡಬ್ಬದಲ್ಲಿ ಇಡಿ. ಸುಟ್ಟ ಇಂಜಿನ್ ಆಯಿಲ್ ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಚರ್ಮಕ್ಕೂ ಬಾವಿ ನೀರಿಗೂ ಕೆಟ್ಟದು.

• ಚೈನು ಮುಟ್ಟುವಾಗ ಕೈಚೀಲ ಹಾಕಿ. ನಿಂತ ಚೈನೂ ಕೊಯ್ಯುತ್ತದೆ.

ಪುಸ್ತಕ ನಮ್ಮ ಕೈಯಲ್ಲಿ

ಪಂಚಸೂತ್ರ ನಮಗೆ ಬಾಯಿಪಾಠ: ಕ್ರಮವಾದ ಸಭೆ, ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ. ಇದಕ್ಕೂ ಹಾಗೆಯೇ ನೂರು ಪೇಜಿನ ಒಂದು ಪುಸ್ತಕ ಸಾಕು. ಮೊದಲ ಪುಟದಲ್ಲಿ ಮಿಷನ್ನಿನ ಐದು ಸಂಗತಿ. ಆಮೇಲೆ ಪ್ರತಿ ಚೈನಿಗೆ ಒಂದು ನಂಬರ್ ಕೊಟ್ಟು ನಾಲ್ಕು ಕಾಲಂ: ತಂದ ದಿನ, ಕೊಟ್ಟ ಹಣ, ಅರ ಹಾಕಿದ ದಿನ, ತೆಗೆದು ಹಾಕಿದ ದಿನ. ಹಲ್ಲು 4 ಮಿಲಿಮೀಟರಿಗಿಂತ ಗಿಡ್ಡ ಆದರೆ ಆ ಚೈನಿನ ಆಯುಷ್ಯ ಮುಗಿಯಿತು. ಆರು ತಿಂಗಳು ಬರೆದರೆ ಒಂದು ಚೈನು ಎಷ್ಟು ದಿನ ಬರುತ್ತದೆ, ದಿನಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂದು ತಿಳಿಯುತ್ತದೆ. ಕೂಲಿ ಹೇಳುವಾಗ ಅದನ್ನು ಸೇರಿಸಿ ಹೇಳಬಹುದು. ಈಗ ಎಷ್ಟೋ ಮನೆಯವರು ಪೆಟ್ರೋಲು ಮಾತ್ರ ಲೆಕ್ಕ ಹಾಕಿ ಕೂಲಿ ಹೇಳುತ್ತಾರೆ, ಚೈನು ಸವೆದದ್ದು ಕೈಯಿಂದ ಹೋಗುತ್ತದೆ.

ಮೊದಲ ಪುಟದ ಫೋಟೋ ತೆಗೆದು ಮನೆಯವರ ಮೊಬೈಲಿನಲ್ಲೂ ಇಡಿ. ಅಂಗಡಿಯಲ್ಲಿ ಅದನ್ನೇ ತೋರಿಸಿದರೆ ಸಾಕು. ಅಲ್ಲೇ ಕೊಂಡಿ ಎಣಿಸಿ ತರಲಿ.

ಮೊದಲು ಹೇಳಿದ ಸದಸ್ಯೆಯ ಮನೆಯಲ್ಲಿ ಆ ದಿನವೇ ಪಟ್ಟಿ ಮಾಡಿದೆವು. ಬೇಡವಾದ ಐದರಲ್ಲಿ ಎರಡು ಚೈನು ಪಕ್ಕದ ವಾರ್ಡಿನ ಇನ್ನೊಬ್ಬ ಸದಸ್ಯೆಯ ಮಿಷನ್ನಿಗೆ ಸರಿಯಾಗಿ ಕೂತಿತು. ಅವರು ಅದಕ್ಕೆ ಕೊಟ್ಟ ಹಣದಲ್ಲಿ ಇವರು ಸರಿಯಾದ ಒಂದು ಚೈನು ತಂದರು. ಮಾರನೇ ವಾರ ಗಂಡ ಕೆಲಸಕ್ಕೆ ಹೋದರು. ಬಾಕಿ ಕಂತು ಒಂದೇ ಸಲ ಬರಲಿಲ್ಲ, ಎರಡು ತಿಂಗಳಲ್ಲಿ ಬಂತು. ಈಗ ಆ ಪುಸ್ತಕ ಬರೆಯುವುದು ಒಂಬತ್ತನೇ ಕ್ಲಾಸಿನ ಮಗಳು. ಅಪ್ಪ ಅಂಗಡಿಗೆ ಹೊರಟರೆ "ಎಪ್ಪತ್ತೆರಡು, ಮರೀಬೇಡಿ" ಅಂತ ಕೂಗಿ ಹೇಳುತ್ತಾಳಂತೆ.

ಮುಂದಿನ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘದಲ್ಲಿ ಎಷ್ಟು ಮನೆಗೆ ಮಿಷನ್ ಇದೆ? ಅದರ ಐದು ಸಂಗತಿ ಯಾರಿಗೆ ಗೊತ್ತು?
2. ಉಪಯೋಗಕ್ಕೆ ಬಾರದ ಚೈನು ಯಾರ ಮನೆಯಲ್ಲಿದೆ? ಅದು ಯಾರಿಗೆ ಆಗಬಹುದು?
3. ಎಲ್ಲರೂ ಒಂದೇ ಅಳತೆಗೆ ಬರುವುದಾದರೆ ಯಾವುದು?