ಒಂದು ಹಾಕಿ ಚಿತ್ರವೂ ಅದರ ಪ್ರೇಕ್ಷಕರೂ

ಕಳೆದ ಓಣಂ ಪರೀಕ್ಷೆ ಮುಗಿದ ದಿನ ಮಧ್ಯಾಹ್ನ ನಮ್ಮ ಶಾಲೆಯ ಸಭಾಭವನದ ಕಿಟಕಿಗಳಿಗೆ ಜಮಖಾನೆ ಹೊದಿಸಿ ಕತ್ತಲೆ ಮಾಡಿ, ಮಕ್ಕಳಿಗೆ ‘ಚಕ್ ದೇ! ಇಂಡಿಯಾ’ ಎಂಬ ಹಿಂದೀ ಚಲಚ್ಚಿತ್ರವನ್ನು ತೋರಿಸಿದೆವು. ಚಿತ್ರವೇನೂ ಹೊಸದಲ್ಲ. 2007ನೆಯ ಇಸವಿ ಆಗಸ್ಟ್ 10ರಂದು ತೆರೆ ಕಂಡುದು. ಅಂದು ನೆಲದ ಮೇಲೆ ಸಾಲಾಗಿ ಕುಳಿತಿದ್ದ ಮಕ್ಕಳಲ್ಲಿ ಒಬ್ಬರೂ ಆ ಇಸವಿಯಲ್ಲಿ ಹುಟ್ಟಿರಲಿಲ್ಲ. ಹಾಕಿ ಆಟವನ್ನು ಮೈದಾನದಲ್ಲಿ ಕಣ್ಣಾರೆ ಕಂಡವರೂ ಅವರಲ್ಲಿ ಇರಲಿಲ್ಲ. ಹಿಂದೀ ಭಾಷೆಯೋ, ಪಾಠಪುಸ್ತಕದ ಮಟ್ಟಿಗೆ. ಆದರೂ ಎರಡೂವರೆ ಗಂಟೆಯ ಕಾಲ ಒಬ್ಬರೂ ಕದಲಲಿಲ್ಲ. ನಾವು ಪಕ್ಕದ ಗೋಡೆಗೆ ಒರಗಿ ನಿಂತು, ಚಿತ್ರವನ್ನು ನೋಡಿದುದಕ್ಕಿಂತ ಹೆಚ್ಚಾಗಿ ಮಕ್ಕಳ ಮುಖಗಳನ್ನೇ ನೋಡಿದೆವು. ಅಲ್ಲಿ ಕಂಡುದನ್ನು ವಿದ್ಯಾರ್ಥಿಗಳ ಮತ್ತು ಅವರ ತಂದೆತಾಯಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಚಿತ್ರವನ್ನು ಕಾಣದವರಿಗಾಗಿ ಕತೆಯನ್ನು ಸಂಕ್ಷೇಪವಾಗಿ ಹೇಳುವುದು ಅಗತ್ಯ. ಕಬೀರ್ ಖಾನ್ ಭಾರತದ ಹಾಕಿ ತಂಡದ ನಾಯಕ. ಪಾಕಿಸ್ತಾನದೆದುರಿನ ಅಂತಿಮ ಪಂದ್ಯದಲ್ಲಿ ಕೊನೆಯ ಗಳಿಗೆಗೆ ದೊರೆತ ಪೆನಾಲ್ಟಿ ಸ್ಟ್ರೋಕನ್ನು ಅವನು ಗುರಿ ತಪ್ಪಿಸುತ್ತಾನೆ. ಪಂದ್ಯ ಮುಗಿದಮೇಲೆ ಎದುರು ತಂಡದವನ ಕೈ ಕುಲುಕುತ್ತಾನೆ. ಆ ಕೈಕುಲುಕಿನ ಛಾಯಾಚಿತ್ರವೊಂದೇ ಸಾಕಾಗುತ್ತದೆ. ದೇಶವನ್ನು ಮಾರಿಕೊಂಡನೆಂಬ ಅಪವಾದ ಹಬ್ಬಿ, ಅವನೂ ಅವನ ವೃದ್ಧ ತಾಯಿಯೂ ಹುಟ್ಟಿದ ಮನೆಯನ್ನು ಬಿಟ್ಟು ಹೊರಡಬೇಕಾಗುತ್ತದೆ. ಏಳು ವರ್ಷಗಳ ಅನಂತರ ಆತ ಮರಳಿ ಬರುವುದು ಯಾರಿಗೂ ಬೇಡವಾದ ಮಹಿಳಾ ತಂಡದ ಶಿಕ್ಷಕನಾಗಿ. ಬೇರೆ ಬೇರೆ ರಾಜ್ಯಗಳಿಂದ ಬಂದ 16 ಮಂದಿ ಹುಡುಗಿಯರು ಮೊದಮೊದಲು ಒಬ್ಬರನ್ನೊಬ್ಬರು ಸಹಿಸರು. ಅವರನ್ನು ಒಂದು ತಂಡವಾಗಿ ಕೂಡಿಸಿ ಮೆಲ್ಬೋರ್ನಿನಲ್ಲಿ ವಿಶ್ವವಿಜಯಿಗಳನ್ನಾಗಿ ಮಾಡುವುದೇ ಉಳಿದ ಕತೆ. ಜಯದೀಪ್ ಸಾಹ್ನಿಯವರ ಬರವಣಿಗೆ, ಶಿಮಿತ್ ಅಮೀನರ ನಿರ್ದೇಶನ, ಶಾರುಖ್ ಖಾನರ ಮುಖ್ಯ ಪಾತ್ರ. ನಾಯಕನಿಗೆ ನಾಯಿಕೆಯಿಲ್ಲ, ಪ್ರಣಯವಿಲ್ಲ.

ಈ ಕತೆಗೆ ನಿಜದ ನೆಲೆಯೂ ಉಂಟು. 2002ರಲ್ಲಿ ಮ್ಯಾಂಚೆಸ್ಟರಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ನಮ್ಮ ಮಹಿಳೆಯರು ಇಂಗ್ಲೆಂಡನ್ನು 3–2ರಿಂದ ಸೋಲಿಸಿ ಚಿನ್ನ ತಂದರು. ನಿರ್ಣಾಯಕ ಗೋಲು ಮಮತಾ ಖರಬ್ ಅವರದು. ಅಷ್ಟು ದೊಡ್ಡ ಗೆಲುವಿಗೆ ಪತ್ರಿಕೆಯ ಮೂಲೆಯಲ್ಲಿ ಸಿಕ್ಕ ಚಿಕ್ಕ ಜಾಗವೇ ಲೇಖಕರನ್ನು ಈ ಕತೆಯ ಕಡೆಗೆ ತಿರುಗಿಸಿತು. ಆ ತಂಡದ ಗೋಲ್‌ಕೀಪರುಗಳಿಗೆ ಶಿಕ್ಷಣ ಕೊಟ್ಟವರು ಮೀರ್ ರಂಜನ್ ನೇಗಿ. 1982ರ ದೆಹಲಿಯ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ಭಾರತ ಪಾಕಿಸ್ತಾನಕ್ಕೆ 1–7ರಿಂದ ಸೋತಾಗ ಗೋಲಿನ ಮುಂದೆ ನಿಂತಿದ್ದವರು ಇವರೇ. ಹಣ ತಿಂದರೆಂಬ ಸುಳ್ಳು ಅಪವಾದವನ್ನು ವರ್ಷಗಟ್ಟಲೆ ಹೊತ್ತವರೂ ಇವರೇ. ಚಿತ್ರವು ಇವರ ಜೀವನಚರಿತ್ರೆಯಲ್ಲ. ಆದರೆ ಚಿತ್ರದ ಹುಡುಗಿಯರಿಗೆ ಹಾಕಿ ಕೋಲು ಹಿಡಿಯಲು ಕಲಿಸಿದವರು ಇವರು.

ಇನ್ನು ಪ್ರೇಕ್ಷಕರ ವಿಚಾರಕ್ಕೆ ಬರೋಣ. ಪ್ರೇಕ್ಷಕರು ಹೇಗೆ ಪ್ರತಿಸ್ಪಂದಿಸುತ್ತಾರೆಂಬುದನ್ನು ನಮ್ಮ ಹಿರಿಯರು ಬಹು ಹಿಂದೆಯೇ ವಿಚಾರ ಮಾಡಿದ್ದಾರೆ. ಭರತಮುನಿಯ ನಾಟ್ಯಶಾಸ್ತ್ರದ 27ನೆಯ ಅಧ್ಯಾಯದ ವಿಷಯವೇ ಇದು. ಪ್ರಯೋಗವೊಂದು ಸಿದ್ಧಿಸಿತೆಂದು ತಿಳಿಯುವುದು ಹೇಗೆ? ಭರತನ ಪ್ರಕಾರ ಸಿದ್ಧಿ ಎರಡು ಬಗೆ: ಮಾನುಷೀ ಮತ್ತು ದೈವೀ. ನಗು, ಅಟ್ಟಹಾಸ, ‘ಸಾಧು’ ಎಂಬ ಮೆಚ್ಚುಗೆ, ‘ಅಯ್ಯೋ’ ಎಂಬ ಉದ್ಗಾರ ಇವು ಬಾಯಿಂದ ಹೊರಡುವ ಮಾನುಷೀ ಸಿದ್ಧಿ. ಮೈ ನವಿರೇಳುವುದು, ಕುಳಿತಲ್ಲಿಂದ ಎದ್ದುನಿಲ್ಲುವುದು, ಉಟ್ಟ ವಸ್ತ್ರವನ್ನೂ ಬೆರಳಿನ ಉಂಗುರವನ್ನೂ ಕೊಟ್ಟುಬಿಡುವುದು ಇವು ಶರೀರದಿಂದ ತೋರುವ ಮಾನುಷೀ ಸಿದ್ಧಿ. ರಂಗಮಂದಿರ ತುಂಬಿದ್ದು, ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಎಲ್ಲರೂ ಭಾವದಲ್ಲಿ ಮುಳುಗಿದ್ದರೆ ಅದು ದೈವೀ ಸಿದ್ಧಿ. ರಾತ್ರಿಯಿಡೀ ಕುಳಿತು ಯಕ್ಷಗಾನ ನೋಡಿದ ನಮ್ಮೂರಿನ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೆಂಡೆಯ ಪೆಟ್ಟಿಗೆ ಬೀಳುವ ಚಪ್ಪಾಳೆಯೇ ಬೇರೆ, ಕರ್ಣನ ಕೊನೆಗಾಲದಲ್ಲಿ ಬಯಲಿಗೆ ಬಯಲೇ ಉಸಿರು ಹಿಡಿಯುವುದೇ ಬೇರೆ.

ನಮ್ಮ ಸಭಾಭವನದಲ್ಲಿ ಈ ಎರಡನ್ನೂ ಕಂಡೆವು. ಗೋಲು ಬಿದ್ದಾಗಲೆಲ್ಲ ಶಿಳ್ಳೆ, ಕೇಕೆ. ಹರಿಯಾಣದ ಪುಟ್ಟ ಹುಡುಗಿ ಜಗಳಕ್ಕೆ ನಿಂತಾಗ ನಗು. ಆದರೆ ತಾಯಿ ಮಗ ಮನೆ ಬಿಟ್ಟು ಹೊರಟಾಗ ಐದನೆಯ ತರಗತಿಯ ಮಕ್ಕಳು ಕೂಡ ಸುಮ್ಮನಾದರು. ಕೊನೆಯಲ್ಲಿ ಪಂದ್ಯ ಪೆನಾಲ್ಟಿ ಸ್ಟ್ರೋಕುಗಳಿಗೆ ಮುಟ್ಟಿದಾಗ ಇಡೀ ಭವನವೇ ನಿಶ್ಶಬ್ದವಾಯಿತು. ಈ ಸ್ಟ್ರೋಕೆಂದರೆ, ಗೋಲಿನಿಂದ 6.4 ಮೀಟರು ದೂರದ ಒಂದು ಚುಕ್ಕೆಯ ಮೇಲೆ ಚೆಂಡು; ಹೊಡೆಯುವವನು ಒಬ್ಬ, 3.66 ಮೀಟರು ಅಗಲದ ಗೋಲನ್ನು ಕಾಯುವವನು ಒಬ್ಬ, ನಡುವೆ ಮತ್ತಾರೂ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಎಲ್ಲವೂ ಮುಗಿದುಹೋಗುತ್ತದೆ. ಯಾವ ಸ್ಟ್ರೋಕಿನಿಂದ ಕಬೀರನ ಬಾಳು ಕೆಟ್ಟಿತೋ ಅದೇ ಸ್ಟ್ರೋಕನ್ನು ಅವನ ಶಿಷ್ಯೆ ವಿದ್ಯಾ ತಡೆಯಬೇಕು. ಆರನೆಯ ತರಗತಿಯ ಹುಡುಗಿಯೊಬ್ಬಳು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಿದ್ದಳು. ಚೆಂಡು ತಡೆಯಲ್ಪಟ್ಟಾಗ ಎಲ್ಲರೂ ಎದ್ದು ನಿಂತಿದ್ದರು. ಅವರನ್ನು ಕುಳ್ಳಿರಿಸಬೇಕಾದ ಅಧ್ಯಾಪಕರೂ ನಿಂತಿದ್ದರು.

ಭಾಷೆ ಅರೆಬರೆ, ಆಟ ಅಪರಿಚಿತ, ಪಾತ್ರಗಳು ಕಲ್ಪಿತ. ಹೀಗಿದ್ದೂ ಮನಸ್ಸು ಹೀಗೇಕೆ ಕಲಕಿತು? ಅಲಂಕಾರಿಕರು ಇದನ್ನು ಸಾಧಾರಣೀಕರಣವೆಂದು ಕರೆದಿದ್ದಾರೆ. ರಂಗದ ಮೇಲಿನ ದುಃಖವು ಇಂಥವನೊಬ್ಬನದೆಂಬ ಕಟ್ಟನ್ನು ಕಳಚಿಕೊಂಡು ಎಲ್ಲರದೂ ಆಗುತ್ತದೆ. ಮಾಡದ ತಪ್ಪಿಗೆ ಮಾತು ಕೇಳಿದ ಅನುಭವ ಯಾವ ಮಗುವಿಗಿಲ್ಲ? ಆಟಕ್ಕೆ ಆರಿಸುವಾಗ ಕಟ್ಟಕಡೆಗೆ ಉಳಿದ ಸಂಕಟ ಯಾರಿಗೆ ತಿಳಿಯದು? ಆ ನೆನಪೇ ಪರದೆಯ ಮೇಲಿನ ಕಬೀರನಿಗೆ ದಾರಿ ಬಿಡುತ್ತದೆ. ವೀರರಸಕ್ಕೆ ಸ್ಥಾಯಿಭಾವ ಉತ್ಸಾಹ. ಅದು ಏಳುವುದು ಬರಿಯ ಗೆಲುವಿನಿಂದಲ್ಲ, ಸೋತವನು ಮತ್ತೆ ನಿಲ್ಲುವುದನ್ನು ಕಂಡಾಗ. ಚಿತ್ರದಲ್ಲಿ ಈ ತಂಡ ಮೆಲ್ಬೋರ್ನಿನ ಮೊದಲ ಪಂದ್ಯದಲ್ಲಿ ಆಸ್ಟ್ರೇಲಿಯಕ್ಕೆ ಏಳು ಗೋಲುಗಳಿಂದ ಸೋಲದೆ ಇದ್ದಿದ್ದರೆ ಕೊನೆಯ ಚಪ್ಪಾಳೆಗೆ ಅಷ್ಟು ಬಲ ಬರುತ್ತಿರಲಿಲ್ಲ.

ಗಡಿನಾಡಿನ ನಮ್ಮನ್ನು ಬೇರೆಯಾಗಿ ಮುಟ್ಟುವ ದೃಶ್ಯವೊಂದುಂಟು. ಹುಡುಗಿಯರು ಹೆಸರು ದಾಖಲು ಮಾಡಿಸುವಾಗ ಮಿಜೋರಾಂ, ಮಣಿಪುರದ ಹುಡುಗಿಯರನ್ನು ಅಲ್ಲಿಯವರು ಪರದೇಶದ ಅತಿಥಿಗಳಂತೆ ಕಾಣುತ್ತಾರೆ. ಆಂಧ್ರದ ಹುಡುಗಿಗೆ ತೆಲುಗಿಗೂ ತಮಿಳಿಗೂ ಏನು ವ್ಯತ್ಯಾಸವೆಂದು ಕೇಳುತ್ತಾರೆ. ಚಿಕ್ಕ ಮಕ್ಕಳು ಇಲ್ಲಿ ನಕ್ಕರು. ಹತ್ತನೆಯ ತರಗತಿಯವರು ನಗಲಿಲ್ಲ. ಏಕೆಂದರೆ ಗಡಿಯ ಆಚೆಗೆ ಹೋದಾಗ ‘ನೀವು ಮಲಯಾಳಿಗಳೋ?’ ಎಂದೂ, ಈಚೆಗೆ ಬಂದಾಗ ‘ನೀವು ಕರ್ನಾಟಕದವರೋ?’ ಎಂದೂ ಕೇಳಿಸಿಕೊಂಡವರು ಅವರು. ಅನಂತರ ಕಬೀರನು ಪ್ರತಿಯೊಬ್ಬಳೂ ತನ್ನ ರಾಜ್ಯದ ಹೆಸರನ್ನಲ್ಲ, ಭಾರತದ ಹೆಸರನ್ನು ಹೇಳಬೇಕೆಂದು ಕಟ್ಟುನಿಟ್ಟು ಮಾಡುತ್ತಾನೆ. ಇದನ್ನು ತಾಯ್ನುಡಿಯ ತಿರಸ್ಕಾರವೆಂದು ಯಾರೂ ತಿಳಿಯಬಾರದು. ಆ ಹುಡುಗಿಯರು ತಮ್ಮ ಮಾತನ್ನಾಗಲಿ ಊರನ್ನಾಗಲಿ ತೊರೆಯುವುದಿಲ್ಲ. ಪಕ್ಕದವಳ ಮಾತು ತನ್ನದಕ್ಕಿಂತ ಕೀಳೆಂಬ ಎಣಿಕೆಯನ್ನು ಮಾತ್ರ ತೊರೆಯುತ್ತಾರೆ.

2007ರಲ್ಲಿ ದೇಶದ ಪ್ರೇಕ್ಷಕರು ಏನು ಮಾಡಿದರು? ಮೊದಲ ದಿನಗಳಲ್ಲಿ ಚಿತ್ರಮಂದಿರಗಳು ಅಷ್ಟಾಗಿ ತುಂಬಲಿಲ್ಲ. ನೋಡಿದವರ ಬಾಯಿಮಾತಿನಿಂದಲೇ ಜನ ಬರತೊಡಗಿದರು. ಸುಖವಿಂದರ್ ಸಿಂಗರು ಹಾಡಿದ ಶೀರ್ಷಿಕೆಯ ಹಾಡು ಊರೂರಿನ ಕ್ರೀಡಾಂಗಣಗಳಲ್ಲಿ ಮೊಳಗಿತು. ಆ ವರ್ಷದ ಶ್ರೇಷ್ಠ ಜನಪ್ರಿಯ ಚಿತ್ರಕ್ಕಾಗಿ ಇರುವ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಬಂತು. ಆದರೆ ಹಾಕಿಗೆ ಏನು ಬಂತು? ಸೆಪ್ಟೆಂಬರ್ 9ರಂದು ಚೆನ್ನೈಯಲ್ಲಿ ನಮ್ಮ ಪುರುಷರ ತಂಡ ದಕ್ಷಿಣ ಕೊರಿಯವನ್ನು 7–2ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದಿತು. ಅದೇ ತಿಂಗಳ 24ರಂದು ಕ್ರಿಕೆಟ್ ತಂಡ ಟ್ವೆಂಟಿ–20 ವಿಶ್ವಕಪ್ ಗೆದ್ದಾಗ ಹಾಕಿ ಚಿತ್ರದ ಹಾಡಿಗೇ ಜನ ಕುಣಿದರು. ಕ್ರಿಕೆಟಿಗರ ಮೇಲೆ ಬಹುಮಾನದ ಮಳೆ ಸುರಿಯಿತು. ತಮ್ಮನ್ನು ಕೇಳುವವರಿಲ್ಲವೆಂದು ನೊಂದು, ಕರ್ನಾಟಕದ ಹಾಕಿ ಆಟಗಾರರು ಬೆಂಗಳೂರಿನಲ್ಲಿ ಉಪವಾಸ ಕೂರುವೆವೆಂದು ಹೇಳಬೇಕಾಯಿತು. ಮರುವರ್ಷದ ಮಾರ್ಚಿಯಲ್ಲಿ, ಚಿಲಿ ದೇಶದ ಸಾಂಟಿಯಾಗೊ ನಗರದಲ್ಲಿ ಬ್ರಿಟನ್ನಿಗೆ ಸೋತ ಭಾರತ, 1928ರಿಂದೀಚೆಗೆ ಮೊದಲ ಬಾರಿ ಒಲಿಂಪಿಕ್ಸಿಗೆ ಹೋಗುವ ಅರ್ಹತೆಯನ್ನೇ ಕಳೆದುಕೊಂಡಿತು. ಹಾಡನ್ನು ಮೆಚ್ಚಿದ ಕಿವಿಗಳಿಗೂ ಆಟವನ್ನು ನೋಡುವ ಕಣ್ಣುಗಳಿಗೂ ನಡುವೆ ಎಷ್ಟು ದೂರವಿತ್ತೆಂಬುದನ್ನು ಗಮನಿಸಿರಿ.

2021ರ ಆಗಸ್ಟ್ 2ರಂದು, ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮ ಮಹಿಳೆಯರು ಆಸ್ಟ್ರೇಲಿಯವನ್ನು 1–0ಯಿಂದ ಸೋಲಿಸಿ ಮೊದಲ ಬಾರಿಗೆ ಉಪಾಂತ್ಯಕ್ಕೆ ಏರಿದಾಗ ದೇಶವೆಲ್ಲ ಮತ್ತೆ ಇದೇ ಚಿತ್ರವನ್ನು ನೆನೆಯಿತು. ತರಬೇತುದಾರ ಶೋರ್ಡ್ ಮರೈನೆಯವರನ್ನು ಪತ್ರಿಕೆಗಳು ಕಬೀರ್ ಖಾನನಿಗೆ ಹೋಲಿಸಿದುವು. ಎರಡೇ ದಿನ ಕಳೆದು ಅರ್ಜೆಂಟೀನಕ್ಕೆ ತಂಡ ಸೋತಿತು. ದಕ್ಷಿಣ ಆಫ್ರಿಕದ ಮೇಲೆ ಮೂರು ಗೋಲು ಹೊಡೆದು, ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಭಾರತೀಯ ಮಹಿಳೆಯೆನಿಸಿದ್ದ ವಂದನಾ ಕಟಾರಿಯಾ ಅವರ ಹರಿದ್ವಾರದ ಬಳಿಯ ಮನೆಯ ಮುಂದೆ ಆ ಸಂಜೆ ಪಟಾಕಿ ಸುಟ್ಟು, ಜಾತಿ ಹಿಡಿದು ನಿಂದಿಸಿದರೆಂದು ಮನೆಯವರು ದೂರು ಕೊಟ್ಟರು, ಬಂಧನಗಳೂ ನಡೆದುವು. ಕಬೀರನ ಕತೆಯ ಮೊದಲ ಅಧ್ಯಾಯ ಹದಿನಾಲ್ಕು ವರ್ಷಗಳಾದರೂ ಮುಗಿದಿರಲಿಲ್ಲ.

ಇದನ್ನು ಓದಿ ‘ಎಂಥ ಜನ!’ ಎಂದು ಹುಬ್ಬೇರಿಸುವ ಮೊದಲು ನಮ್ಮ ಮನೆಯ ಅಂಗಳವನ್ನೂ ನೋಡಿಕೊಳ್ಳಬೇಕು. ಚಿತ್ರ ತೋರಿಸಿದ ಕೆಲವು ವಾರಗಳಲ್ಲೇ ಉಪಜಿಲ್ಲಾ ಕ್ರೀಡಾಕೂಟ ನಡೆಯಿತು. ನಮ್ಮ ಹುಡುಗಿಯರ ಕಬಡ್ಡಿ ತಂಡ ಅಂತಿಮ ಪಂದ್ಯಕ್ಕೆ ಬಂದು ಒಂದೇ ಅಂಕದಿಂದ ಸೋತಿತು. ಕೊನೆಯ ದಾಳಿಗೆ ಹೋದವಳು ಮಧ್ಯರೇಖೆಗೆ ಒಂದು ಗೇಣು ಇರುವಾಗ ಸಿಕ್ಕಿಬಿದ್ದಳು. ಹಿಂದಿರುಗುವ ಬಸ್ಸಿನಲ್ಲಿ, ಸಭಾಭವನದಲ್ಲಿ ಎದ್ದುನಿಂತು ಕೇಕೆ ಹಾಕಿದ್ದ ಅದೇ ಹುಡುಗರು ಅವಳನ್ನು ಗೇಲಿ ಮಾಡಿದರು. ಅವರನ್ನು ಕರೆದು ಗದರಿಸಬಹುದಿತ್ತು. ಆದರೆ ಮರುದಿನದ ಬೆಳಗಿನ ಸಭೆಯಲ್ಲಿ ಓಟದಲ್ಲಿಯೂ ಜಿಗಿತದಲ್ಲಿಯೂ ಬಹುಮಾನ ಪಡೆದವರನ್ನು ಮಾತ್ರ ಹೆಸರು ಹಿಡಿದು ಕರೆದು, ಎರಡನೆಯ ಸ್ಥಾನ ಪಡೆದ ಈ ತಂಡದ ಮಾತೆತ್ತದೆ ಸಭೆ ಮುಗಿಸಿದವರು ನಾವೇ. ಹುಡುಗರು ಬಾಯಲ್ಲಿ ಆಡಿದುದನ್ನು ನಾವು ಮೌನದಿಂದ ಆಡಿದ್ದೆವು. ಆ ಹುಡುಗಿ ಒಂದು ವಾರ ಆಟದ ಬಯಲಿಗೆ ಬರಲಿಲ್ಲ. ಅವಳ ತಾಯಿ ಶಾಲೆಗೆ ಬಂದು, ‘ಮಾಷ್ಟ್ರೇ, ಅವಳೇನು ತಪ್ಪು ಮಾಡಿದಳು?’ ಎಂದು ಕೇಳಿದಮೇಲೆಯೇ ನಮಗೆ ಅರಿವಾದುದು. ಮುಂದಿನ ಸಭೆಯಲ್ಲಿ ಏಳು ಮಂದಿಯನ್ನೂ ಮುಂದೆ ನಿಲ್ಲಿಸಿ, ತಪ್ಪು ನಮ್ಮದೆಂದು ಹೇಳಿದೆವು.

ಈ ಚಿತ್ರದಲ್ಲಿ ಉತ್ತಮ ಪ್ರೇಕ್ಷಕರು ಯಾರೆಂದು ಕೇಳಿದರೆ ನಾವು ಪುರುಷರ ತಂಡದವರನ್ನು ತೋರಿಸುತ್ತೇವೆ. ಹುಡುಗಿಯರೊಂದಿಗೆ ಪಂದ್ಯವಾಡಿ 3–2ರಿಂದ ಗೆದ್ದಮೇಲೆ ಅವರು ಸೋತವರಿಗೆ ಹಾಕಿ ಕೋಲೆತ್ತಿ ಗೌರವ ಸಲ್ಲಿಸುತ್ತಾರೆ. ಅಂಥ ನೋಟವನ್ನು ನಿಜವಾಗಿ ಕಾಣಬೇಕೆನ್ನುವವರು ಕೊಡಗಿಗೆ ಹೋಗಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಮನೆತನಗಳ ತಂಡಗಳನ್ನು ಸೇರಿಸಿ ಆರಂಭಿಸಿದ ಕೊಡವ ಹಾಕಿ ಉತ್ಸವದಲ್ಲಿ ತಂಡಗಳ ಸಂಖ್ಯೆ ಮುಂದೆ 300ನ್ನೂ ಮೀರಿತು. ಅಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವುದುಂಟು, ಹೆಂಗಸರೂ ಕಣಕ್ಕಿಳಿಯುವುದುಂಟು. ಇಂದು ನೋಡುವವರು ನಾಳೆ ಆಡುವವರು. ಆದುದರಿಂದ ಚೆಂಡು ತಪ್ಪುವುದು ಎಷ್ಟು ಸುಲಭವೆಂದು ಅವರಿಗೆ ಗೊತ್ತು.

ಭರತನು ಅದೇ ಅಧ್ಯಾಯದಲ್ಲಿ ಪ್ರೇಕ್ಷಕನ ಲಕ್ಷಣವನ್ನೂ ಹೇಳಿದ್ದಾನೆ: ಸಂತೋಷಪಡುವವನನ್ನು ಕಂಡು ಸಂತೋಷಪಡುವವನು, ಶೋಕಿಸುವವನನ್ನು ಕಂಡು ಶೋಕಿಸುವವನು ಪ್ರೇಕ್ಷಕ. ಪರದೆಯ ಮುಂದೆ ಈ ಲಕ್ಷಣ ನಮ್ಮ ಮಕ್ಕಳಲ್ಲಿ ತಾನಾಗಿ ತೋರಿತು. ಬಯಲಿನಲ್ಲಿ ಅದನ್ನು ಅಭ್ಯಾಸ ಮಾಡಿಸಬೇಕಾದವರು ಅಧ್ಯಾಪಕರು ಮತ್ತು ತಂದೆತಾಯಿಗಳು. ಈ ವರ್ಷದಿಂದ ನಮ್ಮ ಶಾಲೆಯ ಯಾವ ಪಂದ್ಯ ಮುಗಿದರೂ, ನೋಡಲು ಬಂದವರೆಲ್ಲ ಎದ್ದುನಿಂತು ಎರಡೂ ತಂಡಗಳಿಗೆ ಚಪ್ಪಾಳೆ ತಟ್ಟಿಯೇ ಚದುರಬೇಕೆಂದು ಗೊತ್ತುಮಾಡಿದ್ದೇವೆ. ವಾರ್ಷಿಕ ಕ್ರೀಡೋತ್ಸವಕ್ಕೆ ಬರುವ ಹಿರಿಯರೂ ಇದನ್ನು ನಡೆಸಿಕೊಡಬೇಕಾಗಿ ವಿನಂತಿ. ಕಳೆದ ಬಾರಿ ಸಿಕ್ಕಿಬಿದ್ದ ಆ ಹುಡುಗಿ ಈ ಸಲ ತಂಡದ ನಾಯಕಿ. ಅವಳು ಗೆದ್ದರೂ ಸೋತರೂ ನಮ್ಮ ಕೈಗಳು ಸಿದ್ಧವಾಗಿರಲಿ.